ನಕಲು ಮಾಡುವವನ ಹೊಣೆ

ಇಚಲಕರಂಜಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಎಂಟು ಮಗ್ಗಗಳಿವೆ. ಹಗಲು ರಾತ್ರಿಯೆನ್ನದೆ ಅವುಗಳ ಸದ್ದು. ಊರಿಗೆ ಹೋದಾಗ ಕುಂಬಳೆಯ ನಮ್ಮ ಮನೆಯ ಮೌನದಲ್ಲಿ ಈಗ ನನಗೆ ನಿದ್ದೆ ಬರುವುದಿಲ್ಲ ಎಂದರೆ ನಮ್ಮವರು ನಗುತ್ತಾರೆ. ಈ ಊರಿಗೆ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಂತೆ. ಅದರ ಬೆನ್ನಿಗೆ ಬಂದವರಲ್ಲಿ ರಬಕವಿ, ಬನಹಟ್ಟಿ ಕಡೆಯ ನೇಕಾರ ಮನೆತನಗಳೂ ಇವೆ. ನನ್ನ ಮನೆ ಮಾಲಕರದ್ದು ಅಂಥ ಒಂದು ಮನೆತನ. ಬೀದಿಯಲ್ಲಿ ಮರಾಠಿ, ಹಿತ್ತಿಲಲ್ಲಿ ಕನ್ನಡ. ಗಡಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾಲಕರ ಮಗ ಕೊಲ್ಹಾಪುರದ ಒಂದು ಸಣ್ಣ ಕಂಪನಿಯಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾನೆ. ಮಗ್ಗದ ವ್ಯಾಪಾರಿಗಳು ನೂಲು, ಬೀಮು, ಬಟ್ಟೆ, ಕೂಲಿ ಇವುಗಳ ಲೆಕ್ಕ ಇಡುವುದಕ್ಕೆ ಆ ಕಂಪನಿಯ ಪ್ರೋಗ್ರಾಂ ಬಳಸುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅವನು ಮೇಲೆ ಬಂದು, "ಸರ್, ನೀವು ಬ್ಯಾಂಕಿನವರು. ಹಳೆಯ ಲೆಜ್ಜರು ಹೊಸ ಲೆಜ್ಜರಿಗೆ ಇಳಿಸುವಾಗ ತಪ್ಪು ಜಮಾಖರ್ಚನ್ನೂ ಇಳಿಸುತ್ತೀರಾ, ಅಥವಾ ಕೊನೆಯ ಶಿಲ್ಕು ಮಾತ್ರವಾ?" ಎಂದು ಕೇಳಿದ. ಶಿಲ್ಕು ಮಾತ್ರ ಎಂದೆ. ಅವನ ಮುಖ ಸಣ್ಣದಾಯಿತು. ಅವನು ಬೇರೆ ಉತ್ತರವನ್ನು ಬಯಸಿ ಬಂದಿದ್ದ ಎಂದು ತಿಳಿಯಲು ನನಗೆ ಅರ್ಧ ಗಂಟೆ ಬೇಕಾಯಿತು.

ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ತಿಳಿದವರು ಈ ಪ್ಯಾರಾಗಳನ್ನು ದಾಟಿ ಮುಂದೆ ಹೋಗಬಹುದು. ಪ್ರೋಗ್ರಾಂ ಎಂಬುದು ಒಮ್ಮೆ ಬರೆದು ಮುಗಿಯುವ ಗ್ರಂಥವಲ್ಲ. ನಾಲ್ಕಾರು ಮಂದಿ ವರ್ಷಗಟ್ಟಲೆ ತಿದ್ದುತ್ತಲೇ ಇರುತ್ತಾರೆ. ಯಾರು, ಯಾವ ದಿನ, ಯಾವ ಸಾಲನ್ನು, ಏಕೆ ತಿದ್ದಿದರು ಎಂಬುದನ್ನು ಬರೆದಿಡುವುದಕ್ಕೆಂದೇ ಒಂದು ಏರ್ಪಾಡು ಇರುತ್ತದೆ. ಅದನ್ನು ನಮ್ಮ ಕಿರ್ದಿ ಪುಸ್ತಕ ಎಂದುಕೊಳ್ಳಿ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1972ರಲ್ಲಿ ಇಂಥ ಏರ್ಪಾಡೊಂದು ಮೊದಲು ತಯಾರಾಯಿತಂತೆ. ಈ ಹುಡುಗನ ಕಂಪನಿಯಲ್ಲಿ 2008ರಿಂದ ಇದ್ದದ್ದು ಸಬ್‌ವರ್ಷನ್ ಎಂಬುದು. ಅದರಲ್ಲಿ ಒಂದು ಮುಖ್ಯ ಯಂತ್ರದಲ್ಲಿ ಕಿರ್ದಿ ಇರುತ್ತದೆ. ತಿದ್ದುಪಡಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಬೀಳುತ್ತದೆ. ಈಗ ಲೋಕವೆಲ್ಲ ಗಿಟ್ ಎಂಬ ಹೊಸ ಏರ್ಪಾಡಿಗೆ ಹೋಗಿದೆ. ಅದರಲ್ಲಿ ಒಬ್ಬೊಬ್ಬ ಕೆಲಸಗಾರನ ಬಳಿಯೂ ಇಡೀ ಕಿರ್ದಿಯ ಪ್ರತಿ ಇರುತ್ತದೆ. ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ ನಮ್ಮ ಹುಡುಗನ ಪಾಲಿಗೆ ಬಂದಿತ್ತು. ಸುಮಾರು ನಾಲ್ಕು ಸಾವಿರ ತಿದ್ದುಪಡಿಗಳು.

ಗಿಟ್‌ನ ಒಂದು ಗುಣ ನನ್ನನ್ನು ಬಹಳ ಆಕರ್ಷಿಸಿತು. ಅದರಲ್ಲಿ ಒಂದೊಂದು ನಮೂದಿಗೂ ನಲುವತ್ತು ಅಕ್ಷರಗಳ ಒಂದು ಗುರುತು. ಆ ಗುರುತು ಸುಮ್ಮನೆ ಹಚ್ಚಿದ ಸಂಖ್ಯೆಯಲ್ಲ. ನಮೂದಿನಲ್ಲಿರುವ ವಿಷಯ, ಬರೆದವನ ಹೆಸರು, ತಾರೀಕು, ಷರಾ, ಜತೆಗೆ ಅದರ ಹಿಂದಿನ ನಮೂದಿನ ಗುರುತು, ಇವೆಲ್ಲವನ್ನೂ ಅರೆದು ತೆಗೆದ ಸತ್ತ್ವ ಅದು. ಆದ್ದರಿಂದ ಹತ್ತು ವರ್ಷದ ಹಿಂದಿನ ಒಂದು ಅಕ್ಷರವನ್ನು ಈಗ ತಿದ್ದಿದರೆ ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಗುರುತುಗಳೂ ಬದಲಾಗಿಬಿಡುತ್ತವೆ. ಪ್ರತಿ ಇಟ್ಟುಕೊಂಡ ಪ್ರತಿಯೊಬ್ಬನಿಗೂ ಗೊತ್ತಾಗುತ್ತದೆ. ನಮ್ಮ ಬ್ಯಾಂಕಿನ ವಹಿಗಳಿಗೆ ಈ ಗುಣ ಇದ್ದಿದ್ದರೆ ಎಂದು ನಾನು ಒಂದು ಕ್ಷಣ ಯೋಚಿಸಿ, ಇಲ್ಲದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಆ ಕಾರಣ ಮುಂದೆ ಬರುತ್ತದೆ.

ಹೀಗಾಗಿ ಏನನ್ನಾದರೂ ಬಿಡುವುದಿದ್ದರೆ, ಅಳಿಸುವುದಿದ್ದರೆ, ಹೆಸರು ಮರೆಸುವುದಿದ್ದರೆ ಸಾಗಿಸುವ ಆ ರಾತ್ರಿಯೇ ಮಾಡಬೇಕು. ಆಮೇಲೆ ಕಷ್ಟ. ನಕಲು ಮಾಡುವವನ ಕೈಯಲ್ಲಿ ಒಂದು ರಾತ್ರಿಯ ಮಟ್ಟಿಗೆ ಹದಿನೇಳು ವರ್ಷಗಳ ಚರಿತ್ರೆ ಹಸಿಮಣ್ಣಾಗಿರುತ್ತದೆ.

ಹುಡುಗ ಆ ಹಸಿಮಣ್ಣಿನಲ್ಲಿ ಒಂದು ಕಲ್ಲನ್ನು ಕಂಡಿದ್ದ. ಇಲ್ಲಿ ಮಗ್ಗದ ಕೂಲಿಯನ್ನು ಪಿಕ್ಕಿನ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಇಂಚು ಬಟ್ಟೆಯಲ್ಲಿ ಎಷ್ಟು ಹೊಕ್ಕಿನ ಎಳೆಗಳಿವೆಯೋ ಅಷ್ಟು ಪಿಕ್ಕು. ಒಂದು ಪಿಕ್ಕಿಗೆ ಇಷ್ಟು ಪೈಸೆಯಂತೆ ಮೀಟರಿನ ದರ. ಉದಾಹರಣೆಗೆ 54 ಪಿಕ್ಕಿನ ಬಟ್ಟೆಗೆ ಪಿಕ್ಕಿಗೆ 6.35 ಪೈಸೆ ಎಂದರೆ ಮೀಟರಿಗೆ 342.9 ಪೈಸೆ. 2011ರ ಒಂದು ತಿದ್ದುಪಡಿಯ ನಂತರ ಆ ಪ್ರೋಗ್ರಾಂ ಈ 0.9 ಪೈಸೆಯನ್ನು ಮೀಟರಿನ ಹಂತದಲ್ಲಿಯೇ ಕತ್ತರಿಸಿ 342 ಎಂದು ಹಿಡಿಯುತ್ತಿತ್ತು. ಹತ್ತು ಸಾವಿರ ಮೀಟರಿಗೆ ತೊಂಬತ್ತು ರೂಪಾಯಿ. ಕೂಲಿಗೆ ನೇಯುವ ಮಗ್ಗದವನಿಗೆ ಗೊತ್ತಾಗದಷ್ಟು ಚಿಕ್ಕದು; ನೂರಾರು ಮಗ್ಗಗಳಿಗೆ ನೂಲು ಕೊಡುವ ವ್ಯಾಪಾರಿಗೆ ಗೊತ್ತಾಗುವಷ್ಟು ದೊಡ್ಡದು. 2014ರಲ್ಲಿ ಇನ್ನೊಂದು ತಿದ್ದುಪಡಿ ಅದನ್ನು ಸರಿಪಡಿಸಿತ್ತು. ಅದರ ಷರಾದಲ್ಲಿ "ಸಣ್ಣ ರಿಪೇರಿ" ಎಂದಷ್ಟೇ ಇತ್ತು. ಮೊದಲನೆಯದರ ಷರಾ ಇನ್ನೂ ಪ್ರಾಮಾಣಿಕವಾಗಿತ್ತು: "ಪೈಸೆ ಕೆಳಗೆ". ಹುಡುಗನ ಅಪ್ಪ ಆ ಮೂರು ವರ್ಷ ಕೂಲಿಗೇ ನೇಯ್ದವರು. ಬಿಲ್ಲುಗಳನ್ನು ತೆಗೆದಿಟ್ಟುಕೊಂಡವರಲ್ಲ.

ಕಂಪನಿಯ ಯಜಮಾನರು ಹೇಳಿದ್ದು, "ಹಳೆಯ ರಾಮಾಯಣ ಏಕೆ? ಇವತ್ತಿನ ಸ್ಥಿತಿ ಏನಿದೆಯೋ ಅದನ್ನು ಮೊದಲನೆಯ ನಮೂದಾಗಿ ಹಾಕಿ ಶುರು ಮಾಡು." ಅವರಿಗೆ ಆ ಪೈಸೆಯ ನೆನಪು ಇತ್ತೋ ಇಲ್ಲವೋ, ನಾನು ಊಹಿಸುವುದಿಲ್ಲ. ಅವರ ಕಾರಣಗಳಲ್ಲಿ ಸರಿಯಾದವೂ ಇದ್ದವು. ಹಳೆಯ ಕಿರ್ದಿಯಲ್ಲಿ ಯಾರೋ ಗಿರಾಕಿಯ ಇಡೀ ಲೆಕ್ಕವನ್ನು ತಂದು ತುರುಕಿದ್ದರು. ಕೆಲವೆಡೆ ಗುಪ್ತಪದಗಳೂ ಇದ್ದವು. ಗಿಟ್‌ನಲ್ಲಿ ಒಮ್ಮೆ ಹೊಕ್ಕದ್ದನ್ನು ಆಮೇಲೆ ತೆಗೆದುಹಾಕಿದರೂ ಹಿಂದಿನ ನಮೂದಿನಲ್ಲಿ ಅದು ಕುಳಿತೇ ಇರುತ್ತದೆ. ಪ್ರತಿ ಪಡೆದವರೆಲ್ಲ ನೋಡಬಹುದು. ಅಂಥದ್ದನ್ನು ದಾರಿಯಲ್ಲೇ ಇಳಿಸಿಬಿಡುವುದು ಯೋಗ್ಯವೇ. ಹುಡುಗನ ಪ್ರಶ್ನೆ ಇಷ್ಟು: ಗುಪ್ತಪದವನ್ನು ಬಿಡುವುದು ಸರಿಯಾದರೆ ಪೈಸೆಯನ್ನು ಬಿಡುವುದು ಹೇಗೆ ತಪ್ಪು?

ನಾನು ಒಳ್ಳೆಯ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅದೇ ತಿಂಗಳು ನನ್ನ ಮೇಜಿಗೂ ಒಂದು ಹಳೆಯ ನಕಲು ಬಂದು ಕುಳಿತಿತ್ತು.

ನಾನು ಬಿ.ಎ. ಓದಿದ್ದು ನಿಪ್ಪಾಣಿಯಲ್ಲಿ, ಮಾವನ ಮನೆಯಲ್ಲಿದ್ದುಕೊಂಡು. ಮರಾಠಿ ಅಲ್ಲಿಯೇ ಬಂತು, ಅದರಿಂದಲೇ ಈ ಕಡೆಯ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸವೂ ಸಿಕ್ಕಿತು. 2007ರಲ್ಲಿ ನಾನು ಗಡಹಿಂಗ್ಲಜ ತಾಲೂಕಿನ ಒಂದು ಶಾಖೆಯಲ್ಲಿದ್ದೆ. ಸಂಕೇಶ್ವರದ ಸಂತೆಗೆ ಹೋಗಿಬರುವ ಹಳ್ಳಿಗಳು. ಗಿರಾಕಿಗಳಲ್ಲಿ ಅರ್ಧಕ್ಕೆ ಹೆಚ್ಚು ಮಂದಿ ಕನ್ನಡದವರು. (ನಮ್ಮ ವಾಚಕರಿಗೆ ಇಲ್ಲಿ ಒಂದು ಮಾತು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತಲ್ಲ, ಅದೇ ವರದಿ ಗಡಹಿಂಗ್ಲಜ ತಾಲೂಕಿನ ಕೆಲವು ಹಳ್ಳಿಗಳ ಬಗ್ಗೆಯೂ ಹಾಗೆಯೇ ಹೇಳಿತ್ತು. ಎರಡೂ ಇದ್ದಲ್ಲೇ ಇವೆ.) ಆ ವರ್ಷ ಶಾಖೆಯ ಖಾತೆಗಳನ್ನೆಲ್ಲ ಕೇಂದ್ರದ ಗಣಕಯಂತ್ರಕ್ಕೆ ಸೇರಿಸುವ ಆಜ್ಞೆ ಬಂತು. ಸಂಜೆ ಆರರ ಮೇಲೆ, ಭಾನುವಾರಗಳಲ್ಲಿ, ನಾವು ಮೂರು ಮಂದಿ ಕುಳಿತು ವಿವರಗಳನ್ನು ಹೊಡೆದೆವು. ಚಹಾ, ಭಡಂಗ, ಮತ್ತೆ ಚಹಾ. ನನಗೆ ಇಪ್ಪತ್ತಾರು ವರ್ಷ, ಬೆರಳು ಚುರುಕು. ಹೊಗಳಿಸಿಕೊಳ್ಳುವ ಚಟ ಬೇರೆ.

ಹೊಸ ನಮೂನೆಯಲ್ಲಿ ಹೆಸರಿಗೆ ಮೂರು ಮನೆಗಳು: ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು. ಹಳೆಯ ಲೆಜ್ಜರಿನ ಹೆಸರುಗಳು ಯಾವ ಮನೆಗೂ ಒಗ್ಗುತ್ತಿರಲಿಲ್ಲ. ನೇಕಾರ, ಬಡಿಗೇರ ಎಂದಿದ್ದರೆ ಸರಿ, ಬರಿಯ ಊರಿನ ಹೆಸರಿದ್ದರೆ ಏನು ಮಾಡುವುದು? (ನನ್ನದೇ ಮನೆತನದ ಹೆಸರು ಮುಂದಿನ ಇನಿಶಿಯಲ್ಲಿನಲ್ಲಿದೆ. ಸಂಬಳದ ಚೀಟಿಯಲ್ಲಿ ಇಂದಿಗೂ ನನ್ನ ತಂದೆಯವರ ಹೆಸರೇ ನನ್ನ ಅಡ್ಡಹೆಸರು.) ಹೆಂಗಸರ ಹೆಸರುಗಳು ಹೆಚ್ಚಿನವು ‘ಅವ್ವ’ ಎಂದು ಕೊನೆಯಾಗುತ್ತಿದ್ದವು. ಹಿಂದಿನ ಗುಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆದಿದ್ದರು. "ಏಕರೂಪ ಮಾಡು, ಎಲ್ಲ ಬಾಯಿ ಮಾಡಿಬಿಡು" ಎಂದರು ಅಧಿಕಾರಿ. ಅವರಲ್ಲಿ ದುರುದ್ದೇಶ ಇರಲಿಲ್ಲ. ಅವರ ಮನೆಯಲ್ಲಿ ಹೆಂಗಸರ ಹೆಸರು ಹಾಗೆ ಮುಗಿಯುತ್ತಿತ್ತು, ಅಷ್ಟೇ. ನಾನು ಅವ್ವ ತೆಗೆದು ಬಾಯಿ ಹಾಕುತ್ತ ಹೋದೆ. ಎಷ್ಟು ಹೆಸರು ಎಂದು ಲೆಕ್ಕವಿಟ್ಟಿಲ್ಲ. ಇನ್ನೂ ಒಂದು ಹೇಳಬೇಕು. ನನಗೆ ಅದು ಆಗ ಸ್ವಲ್ಪವೂ ಚುಚ್ಚಲಿಲ್ಲ. ಮಂಜೇಶ್ವರದ ಬೋರ್ಡಿನಲ್ಲಿ ಒಂದು ಸೊನ್ನೆ ಹೆಚ್ಚಾಗಿ ಬಿದ್ದು ಮಂಜೇಶ್ವರಂ ಆದರೆ ಸಿಟ್ಟಾಗುವ ಮನೆಯಲ್ಲಿ ಹುಟ್ಟಿದವನು ನಾನು.

ಲೆಜ್ಜರಿನಲ್ಲಿ ಷರಾ ಎಂಬ ಅಂಕಣವೂ ಇತ್ತು. "ಸಹಿ ಬಾರದು, ಎಡಗೈ ಹೆಬ್ಬೆಟ್ಟು." "ಕಿವಿ ಕೇಳಿಸದು, ಮೊತ್ತವನ್ನು ಬೆರಳಲ್ಲಿ ತೋರಿಸಿ." ಹೊಸ ನಮೂನೆಯಲ್ಲಿ ಇವಕ್ಕೆ ಮನೆ ಇರಲಿಲ್ಲ, ಬಿಟ್ಟುಬಿಟ್ಟೆವು. ಶಿಲ್ಕು ಮಾತ್ರ ಪೈಸೆಗೆ ಪೈಸೆ ತಾಳೆಯಾಯಿತು. ಅಂದು ನಮಗೆ ಪೇಢೆ ಹಂಚಿದರು.

ಕಳೆದ ವರ್ಷ ಇಚಲಕರಂಜಿಯ ನಮ್ಮ ಶಾಖೆಗೆ ಒಬ್ಬ ಮಗ್ಗದ ಕೆಲಸಗಾರ ಬಂದ. ಕನ್ನಡ ಬಲ್ಲ ಗುಮಾಸ್ತ ಇದ್ದಾನೆಂದು ಯಾರೋ ಕಳುಹಿಸಿದ್ದರು. ಅವನ ಅಜ್ಜಿಯ ಪಾಸ್ ಪುಸ್ತಕ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು. ಅಜ್ಜಿ ತೀರಿ ಬಹಳ ಕಾಲವಾಗಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯ ಹಣವನ್ನು 2014ರ ಯೋಜನೆಯಂತೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳುಹಿಸುತ್ತವೆ. ಹಾಗೆಂದು ಹಣ ಮುಳುಗುವುದಿಲ್ಲ, ವಾರಸುದಾರರು ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕ ಕೇಳಬಹುದು. ಹುಡುಕಲು ಅನುಕೂಲವಾಗಲೆಂದು 2023ರಲ್ಲಿ ಉದ್ಗಮ್ ಎಂಬ ತಾಣವನ್ನೂ ತೆರೆದಿದ್ದಾರೆ. ಅವನು ಅದರಲ್ಲಿ ಅಜ್ಜಿಯ ಹೆಸರನ್ನು ಹಾಕಿಸಿ ನೋಡಿದ್ದ. ಅಂಥವರು ಯಾರೂ ಇಲ್ಲವೆಂದು ಬಂದಿತ್ತು. ಪಾಸ್ ಪುಸ್ತಕದಲ್ಲಿ ಹೆಸರು ಅವ್ವ ಎಂದು ಮುಗಿಯುತ್ತಿತ್ತು. ಊರು ನೋಡಿದೆ. ಶಾಖೆ ನೋಡಿದೆ. ನನಗೆ ಗೊತ್ತಾಯಿತು.

ಅವ್ವನ ಜಾಗದಲ್ಲಿ ಬಾಯಿ ಹಾಕಿ ಹುಡುಕಿದೆ. ಇದ್ದರು.

ಈಗ ಕೇಳಿ, ಇದು ಯಾರ ತಪ್ಪು ಎಂದು ದಾಖಲೆ ಹೇಳುತ್ತದೆ? ಆ ಲೆಜ್ಜರುಗಳನ್ನು ನಾಶ ಮಾಡಿ ಆಗಿದೆ. ಬ್ಯಾಂಕುಗಳು ವಹಿಗಳನ್ನು ಇಷ್ಟು ವರ್ಷ ಇಟ್ಟುಕೊಳ್ಳಬೇಕೆಂದು 1985ರ ನಿಯಮವಿದೆ: ಕೆಲವಕ್ಕೆ ಐದು ವರ್ಷ, ಕೆಲವಕ್ಕೆ ಎಂಟು. ಎಂಟೂ ಕಳೆದಿವೆ. ಗಣಕಯಂತ್ರದಲ್ಲಿ ಆ ಖಾತೆಯ ಮೊದಲನೆಯ ನಮೂದನ್ನು ತೆಗೆದರೆ, ಹಾಕಿದವರು ಎಂಬಲ್ಲಿ ನನ್ನ ಹೆಸರಿಲ್ಲ. ಸಾಗಣೆಗೆಂದೇ ಮಾಡಿದ ಒಂದು ಸಾಮಾನ್ಯ ಗುರುತು ಇದೆ. ನಾವು ಮೂವರೂ ಅದೇ ಒಂದರಲ್ಲಿ ಕುಳಿತು ಕೆಲಸ ಮಾಡಿದ್ದೆವು. ಎಂದರೆ ಆ ಅಜ್ಜಿಯ ಹೆಸರನ್ನು ಬದಲಿಸಿದವರು ಯಾರೂ ಇಲ್ಲ. ಸ್ಥಿತ್ಯಂತರ ಎಂಬ ದೇವತೆ ಬದಲಿಸಿತು. ವಹಿಗಳಿಗೆ ಗಿಟ್‌ನ ಗುಣ ಇಲ್ಲದಿದ್ದದ್ದೇ ಒಳ್ಳೆಯದಾಯಿತು ಎಂದು ಮೇಲೆ ಹೇಳಿದೆನಲ್ಲ, ಅದು ಇದಕ್ಕೆ.

ಹಿಂದೆ ಓಲೆಗರಿಯ ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕ ಬರೆಯುವ ರೂಢಿಯಿತ್ತು. ಪುಸ್ತಕ ಹೇಗಿತ್ತೋ ಹಾಗೆ ಬರೆದಿದ್ದೇನೆ, ಸರಿಯೋ ತಪ್ಪೋ ನನ್ನ ಮೇಲೆ ದೋಷ ಹೊರಿಸಬೇಡಿ ಎಂಬ ಅರ್ಥದ್ದು. ವಿನಯದ ಮಾತೆಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ವಿನಯಕ್ಕಿಂತ ಹೆಚ್ಚಾಗಿ ಒಂದು ಪ್ರತಿಜ್ಞೆ ಕಾಣುತ್ತದೆ. ಕಂಡಂತೆಯೇ ಬರೆದಿದ್ದರೆ ಮಾತ್ರ ದೋಷವಿಲ್ಲ. ಕಂಡದ್ದಕ್ಕಿಂತ ಚೆನ್ನಾಗಿ ಬರೆದವನಿಗೆ ಆ ಶ್ಲೋಕದ ರಕ್ಷಣೆ ಇಲ್ಲ. ನಾನು ಕಂಡದ್ದಕ್ಕಿಂತ ಚೆನ್ನಾಗಿ ಬರೆಯಲು ಹೋದವನು.

ಈ ಸೀಮೆಯಲ್ಲಿ ನಕಲಿನ ತೊಂದರೆ ಇಂದಿನದಲ್ಲ. 1949ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಹಳೆಯ ದಫ್ತರ ಮೋಡಿ ಲಿಪಿಯಲ್ಲಿದೆ. ಜಮೀನಿನ ಜಗಳ ಕೋರ್ಟಿಗೆ ಹೋದರೆ ಮೋಡಿ ಓದುವವರನ್ನು ಹುಡುಕಿ ದೇವನಾಗರಿಗೆ ಇಳಿಸಬೇಕು. ಇಳಿಸಿದವನ ಕಣ್ಣು ಒಂದು ಕೊಂಬನ್ನು ತಪ್ಪಿದರೆ ಒಂದು ಎಕರೆ ಅತ್ತಿಂದಿತ್ತ. ನಮ್ಮಲ್ಲಿಯೂ 1956ರ ನವೆಂಬರ್ 1ರ ಹಿಂದಿನ ದಸ್ತಾವೇಜುಗಳು ಕನ್ನಡದಲ್ಲಿ, ಈಗಿನ ಕಚೇರಿ ಮಲಯಾಳದಲ್ಲಿ. ಅಜ್ಜನ ಹೆಸರು ಎರಡು ಕಾಗದದಲ್ಲಿ ಎರಡು ಬಗೆಯಾಗಿ, ಇಬ್ಬರೂ ಒಬ್ಬನೇ ಎಂದು ಸರ್ಟಿಫಿಕೇಟು ತರಲು ವಿಲೇಜು ಆಫೀಸಿಗೆ ಅಲೆದ ಮನೆಗಳು ಎಷ್ಟಿಲ್ಲ?

ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಖಿದ್ರಾಪುರಕ್ಕೆ ಹೋಗಿದ್ದೆ. ಕೃಷ್ಣೆಯ ದಡದ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ ಕೆಲಸ. ಅಲ್ಲಿನ ಶಾಸನಗಳು ಹಳಗನ್ನಡದವು. ಒಂದು ಮಾತ್ರ ದೇವನಾಗರಿಯಲ್ಲಿ ಸಂಸ್ಕೃತದ್ದು, ಹದಿಮೂರನೆಯ ಶತಮಾನದ ಯಾದವ ಸಿಂಘಣನದು. ಶಿಲಾಹಾರರ ರಾಜ್ಯವನ್ನು ನುಂಗಿದವರು ಇದೇ ಯಾದವರು. ಆದರೂ ಬಾಗಿಲ ಬಳಿ ತನ್ನದೊಂದು ಕಲ್ಲು ಹಾಕಿಸಿದನೇ ಹೊರತು ಇದ್ದ ಕಲ್ಲುಗಳನ್ನು ಉಜ್ಜಿಸಿ ತನ್ನ ಭಾಷೆಯಲ್ಲಿ ಮತ್ತೆ ಕೆತ್ತಿಸಲಿಲ್ಲ. ಹುಡುಗ ಅದನ್ನು ನೋಡಿ, "ಗಿಟ್ ಇದ್ದ ಹಾಗೆ ಇದೆ ಸರ್" ಎಂದ. ಅವನಿಗೆ ಈಚೆಗೆ ಎಲ್ಲವೂ ಹಾಗೆಯೇ ಕಾಣುತ್ತಿತ್ತು.

ಯಜಮಾನರ ಪಕ್ಷದಲ್ಲಿ ಒಂದು ದೊಡ್ಡ ನಿದರ್ಶನವಿದೆ, ಅದನ್ನು ಮುಚ್ಚಿಡಬಾರದು. ಗಿಟ್ ಅನ್ನು ಮಾಡಿದವರು ಲೈನಸ್ ಟೊರ್ವಾಲ್ಡ್ಸ್, 2005ರ ಏಪ್ರಿಲಿನಲ್ಲಿ. ಅವರ ಲಿನಕ್ಸ್ ಕೆಲಸಕ್ಕೆ ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಏರ್ಪಾಡನ್ನು ಉಚಿತವಾಗಿ ಬಳಸುವ ಅನುಮತಿ ಹೋಯಿತು. ಕೆಲವೇ ದಿನಗಳಲ್ಲಿ ತಾವೇ ಹೊಸದೊಂದನ್ನು ಕಟ್ಟಿದರು. ಲಿನಕ್ಸನ್ನು ಅದಕ್ಕೆ ಸಾಗಿಸುವಾಗ ಹಳೆಯ ಚರಿತ್ರೆಯನ್ನು ಅವರು ತರಲಿಲ್ಲ. ಅಂದು ಇದ್ದ ಸ್ಥಿತಿಯನ್ನೇ ಮೊದಲ ನಮೂದಾಗಿ ಹಾಕಿದರು. ಆಗ ಗಿಟ್ ಇನ್ನೂ ಎಳೆಯದು, ಅಷ್ಟು ಭಾರ ಹೊರಿಸುವುದು ಬೇಡವೆನಿಸಿತು. ಯಜಮಾನರು ಹೇಳಿದ್ದನ್ನೇ ಗಿಟ್‌ನ ಜನಕರೂ ಮಾಡಿದ್ದಾರೆ!

ಆದರೆ ಒಂದು ವ್ಯತ್ಯಾಸವಿದೆ ಎಂದು ಹುಡುಗ ತೋರಿಸಿದ. ಆ ಮೊದಲ ನಮೂದಿನ ಷರಾದಲ್ಲೇ ಟೊರ್ವಾಲ್ಡ್ಸ್ ಬರೆದಿದ್ದಾರೆ: ಚರಿತ್ರೆ ನಮ್ಮಲ್ಲಿ ಇದೆ, ಈಗ ತರುತ್ತಿಲ್ಲ, ಏಕೆಂದರೆ ಹೀಗೆ ಹೀಗೆ ಎಂದು. ಹಳೆಯದು ಬೇರೆ ಕಡೆ ಉಳಿಯಿತು. ಆಮೇಲೆ ಅದನ್ನೂ ಗಿಟ್‌ಗೆ ಇಳಿಸಿದರು, ಬೇಕಾದವರು ಜೋಡಿಸಿಕೊಂಡು ಹಿಂದಕ್ಕೆ ಓದಬಹುದು. ಬಿಟ್ಟರು, ಆದರೆ ಬಿಟ್ಟಿದ್ದೇವೆ ಎಂದು ಬಾಗಿಲ ಮೇಲೆ ಬರೆದು ಬಿಟ್ಟರು. ಗುಪ್ತಪದಕ್ಕೂ ಪೈಸೆಗೂ ಇರುವ ಅಂತರ ನನಗೆ ಇಲ್ಲಿಂದಲೇ ಸ್ವಲ್ಪ ಬೆಳಗಾಯಿತು. ಗುಪ್ತಪದವನ್ನು ತೆಗೆದಿದ್ದೇವೆ ಎಂದು ಯಾರ ಮುಂದೆಯೂ ಹೇಳಬಹುದು. ಪೈಸೆಯನ್ನು ತೆಗೆದಿದ್ದೇವೆ ಎಂದು ಹೇಳಿದರೆ ತೆಗೆದ ಉದ್ದೇಶವೇ ಕೆಡುತ್ತದೆ. ಯಾವುದನ್ನು ಬಿಟ್ಟಿದ್ದೇವೆಂದು ಹೇಳಿಕೊಳ್ಳಲು ಆಗುವುದಿಲ್ಲವೋ ಅದು ಬಿಡುವಂಥದ್ದಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ, ಮುಗಿಯಲಿಲ್ಲ. ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೇಳುತ್ತಿದ್ದವಳು ಹೇಳಿದಳು: "ಮರೆಯುವುದೂ ಒಂದು ಧರ್ಮ ಅಲ್ಲವೇ? ಯಾರೋ ಒಬ್ಬ ಹುಡುಗ ಹದಿನಾಲ್ಕು ವರ್ಷದ ಹಿಂದೆ ಏನೋ ಮಾಡಿದ. ಸರಿಪಡಿಸಿಯೂ ಆಯಿತು. ಇನ್ನು ಲೋಕ ಇರುವವರೆಗೂ ಅವನ ಹೆಸರು ಅದರ ಮೇಲೆ ಇರಬೇಕಾ?" ನಾನು ಆ ರಾತ್ರಿ ಇದನ್ನು ಬಹಳ ಯೋಚಿಸಿದೆ. ಹಿಂದೆ ಹಳ್ಳಿಗಳಲ್ಲಿ ಸಾಲ ಕೊಟ್ಟ ಸಾಹುಕಾರ ಮನಸ್ಸು ಕರಗಿ ಸಾಲಗಾರನ ಎದುರೇ ಕಾಗದ ಹರಿದ ಕಥೆಗಳನ್ನು ಕೇಳಿದ್ದೇವೆ. ಅದು ದೊಡ್ಡ ಕೆಲಸ. ಆದರೆ ಹರಿದವನು ಸಾಲ ಕೊಟ್ಟವನು. ಸಾಲಗಾರ ತಾನೇ ಕದ್ದು ಕಾಗದ ಹರಿದರೆ ಅದಕ್ಕೆ ನಾವು ಬೇರೆ ಹೆಸರಿಡುತ್ತೇವೆ. ಕ್ಷಮೆ ಎಂಬುದು ನಷ್ಟಪಟ್ಟವನ ಕೈಯಲ್ಲಿರುವ ವಸ್ತು, ಅವನಿಗೆ ನಷ್ಟವಾದದ್ದೇ ಗೊತ್ತಿಲ್ಲದಿದ್ದರೆ ಯಾರು ಯಾರನ್ನು ಕ್ಷಮಿಸಿದಂತಾಯಿತು? ಹುಡುಗನ ಅಪ್ಪನಿಗೆ ವಿಷಯ ಹೇಳಿದಾಗ ಅವರು ನಕ್ಕು, "ಬಿಡಪ್ಪ, ಪೈಸಾ ಹೋದವು" ಎಂದರು. ಹಾಗೆ ಹೇಳುವ ಅಧಿಕಾರ ಅವರಿಗಿತ್ತು. ಅವರೊಬ್ಬರ ಪಾಲಿಗೆ ಮಾತ್ರ.

ನನ್ನ ಲೆಕ್ಕದಲ್ಲಿ ಹಾಗೆ ಹೇಳಬೇಕಾದ ಅಜ್ಜಿ ಉಳಿದಿಲ್ಲ.

ಸಾಗಣೆಯ ಕೆಲಸ ಒಂದು ಕಡೆ ನಿಂತುಹೋಯಿತು. ಸಬ್‌ವರ್ಷನ್‌ನಲ್ಲಿ ಬರೆದವನ ಗುರುತು ಒಂದು ಚಿಕ್ಕ ಪದ ಮಾತ್ರ, ಮೂರು ನಾಲ್ಕು ಅಕ್ಷರ. ಗಿಟ್‌ಗೆ ಪೂರ್ಣ ಹೆಸರು ಮತ್ತು ವಿಳಾಸ ಬೇಕು. ಅದಕ್ಕಾಗಿ ಇಂಥ ಗುರುತು ಎಂದರೆ ಇಂಥವರು ಎಂದು ಒಂದು ಪಟ್ಟಿ ಬರೆದುಕೊಡಬೇಕು. ಪಟ್ಟಿಯಲ್ಲಿ ಇಲ್ಲದ ಗುರುತು ಎದುರಾದರೆ ಆ ಸಾಧನ ಅಲ್ಲಿಯೇ ನಿಲ್ಲುತ್ತದೆ, ಇವರು ಯಾರೆಂದು ಹೇಳದೆ ಮುಂದೆ ಹೋಗುವುದಿಲ್ಲ ಎನ್ನುತ್ತದೆ. 2007ರಲ್ಲಿ ನಮ್ಮ ಸಾಧನಕ್ಕೆ ಈ ಹಟ ಇರಲಿಲ್ಲ. ಆ ಮೂರಕ್ಷರದವನು ಕೆಲಸ ಬಿಟ್ಟು ಗಡಹಿಂಗ್ಲಜದಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದಾನೆ ಎಂದು ತಿಳಿಯಿತು. ಅಜ್ಜಿಯ ವಾರಸುದಾರಿಕೆಯ ಕಾಗದಕ್ಕೆ ನನಗೂ ಅತ್ತ ಹೋಗುವುದಿತ್ತು. ಎಸ್‌ಟಿ ಬಸ್ಸಿನಲ್ಲಿ ಇಬ್ಬರೂ ಹೋದೆವು.

ಅಂಗಡಿಯವರಿಗೆ ನನ್ನಷ್ಟೇ ವಯಸ್ಸು. ಪೆನ್ನುಗಳನ್ನು ಬಣ್ಣಕ್ಕನುಸಾರ ಜೋಡಿಸುತ್ತಿದ್ದರು. ಹುಡುಗ ಬಂದ ಕೆಲಸ ಹೇಳಿದ. ಪೈಸೆಯ ವಿಷಯ ಹೇಳಬೇಕೋ ಬೇಡವೋ ಎಂದು ತಡವರಿಸಿದ. ಅವರೇ ಕೇಳಿದರು, "2011ರದು ಸಿಕ್ಕಿತಾ?" ಸಿಕ್ಕಿತು ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೌಂಟರಿನ ಮೇಲಿನ ಬಿಳಿ ಹಾಳೆಯಲ್ಲಿ ತಮ್ಮ ಪೂರ್ಣ ಹೆಸರನ್ನು ಅಪ್ಪನ ಹೆಸರಿನೊಂದಿಗೆ ಬರೆದುಕೊಟ್ಟರು. "ಹಾಕು. ಬರೆದವನು ನಾನೇ. ಪೈಸೆ ಕೆಳಗೆ ಎಂದು ಷರಾ ಹಾಕಿದವನೂ ನಾನೇ, ಯಾರಾದರೂ ನೋಡಲಿ ಅಂತಲೇ. ಮೂರು ವರ್ಷದ ಮೇಲೆ ಹೇಳದೆ ಕೇಳದೆ ಸರಿ ಮಾಡಿದವನೂ ನಾನೇ." ಆಮೇಲೆ ಹುಡುಗನನ್ನು ಕೇಳಿದರು: "ನಿನ್ನ ಹೊಸದರಲ್ಲಿ ಯಾರು ಬರೆದರು ಎನ್ನಲು ಜಾಗ ಇದೆ. ಯಾರು ಬರೆಸಿದರು ಎನ್ನಲು ಇದೆಯೇನು?"

ಇಲ್ಲ. ಗಿಟ್‌ನಲ್ಲಿ ಎರಡು ಹೆಸರಿಗೆ ಜಾಗವಿದೆ, ಬರೆದವನಿಗೊಂದು, ಕಿರ್ದಿಗೆ ಏರಿಸಿದವನಿಗೊಂದು. ನಮ್ಮ ಬ್ಯಾಂಕಿನಲ್ಲೂ ಮಾಡಿದವನು, ತಾಳೆ ನೋಡಿದವನು ಎಂದು ಎರಡು. ಹೇಳಿದ ಬಾಯಿಗೆ ಎಲ್ಲಿಯೂ ಅಂಕಣವಿಲ್ಲ. ದಾಖಲೆ ಎಂಬುದು ಕೈಗಳ ಚರಿತ್ರೆ. ಮರಳುವ ಬಸ್ಸಿನಲ್ಲಿ ನನಗೆ ಹಿರಣ್ಯಕೇಶಿಯೂ ಕಾಣಲಿಲ್ಲ, ಕಬ್ಬಿನ ಗದ್ದೆಯೂ ಕಾಣಲಿಲ್ಲ. ನಾನು ನನ್ನ ಅಧಿಕಾರಿಯ ಬಗ್ಗೆ ಯೋಚಿಸುತ್ತಿದ್ದೆ. "ಎಲ್ಲ ಬಾಯಿ ಮಾಡಿಬಿಡು" ಎಂದದ್ದು ಅವರು. ಆ ಮಾತನ್ನು ಈಗ ಬರೆದರೆ ನನ್ನ ಭಾರ ಅರ್ಧವಾಗುತ್ತದೆ. ಆದರೆ ಅವರು ಏಕರೂಪವೆಂದರು. ಅವ್ವ ಎಂಬುದೇ ಆ ರೂಪವಾಗಲಿ ಎಂದು ಹೇಳಬಲ್ಲ ಭಾಷೆ ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ಬರೆಸಿದವನ ಹೆಸರು ಬೇಕೆಂದು ಕೇಳುವುದು ನ್ಯಾಯವೇ, ಆದರೆ ಅದನ್ನು ಕೇಳುವ ಆತುರ ಬರೆದವನಿಗೇ ಹೆಚ್ಚು ಎಂಬುದನ್ನೂ ನೋಡಬೇಕು.

ಹುಡುಗ ಒಂದು ಉಪಾಯ ಕಂಡುಹಿಡಿದ. ಹಳೆಯ ನಮೂದನ್ನು ಮುಟ್ಟದೆ, ಅದರ ಗುರುತು ಕೆಡದಂತೆ, ಪಕ್ಕದಲ್ಲಿ ಒಂದು ಟಿಪ್ಪಣಿ ಅಂಟಿಸುವ ಸೌಲಭ್ಯ ಗಿಟ್‌ನಲ್ಲಿದೆಯಂತೆ. ಅದರಲ್ಲಿ ಬರೆಸಿದವರ ಹೆಸರು ಹಾಕಲೇ ಎಂದು ಕೇಳಿದ. ಒಬ್ಬರ ಬಾಯಿಮಾತಿನ ಮೇಲೆ ಇನ್ನೊಬ್ಬರ ಹೆಸರನ್ನು ಬರೆಯುವುದು ನನಗೆ ಸರಿಕಾಣಲಿಲ್ಲ. ಕೊನೆಗೆ, ಇದನ್ನು ತನಗೆ ಹೇಳಿ ಬರೆಸಲಾಯಿತು ಎಂದು ಬರೆದವರು ಇಂಥ ದಿನ ತಿಳಿಸಿದ್ದಾರೆ ಎಂದಷ್ಟೇ ಹಾಕಿದ. ಗಿರಾಕಿಯ ಲೆಕ್ಕವನ್ನೂ ಗುಪ್ತಪದಗಳನ್ನೂ ತೆಗೆದ; ಏನೇನು ತೆಗೆದೆ, ಏಕೆ ತೆಗೆದೆ ಎಂದು ಒಂದು ಪುಟ ಬರೆದಿಟ್ಟ. ಯಜಮಾನರಿಗೆ ಇಡೀ ಚರಿತ್ರೆ ಬಂದಿದೆ ಎಂದು ಹೇಳಿದಾಗ ಅವರು ತಲೆಯೆತ್ತಿ ನೋಡಿ, ಗಿರಾಕಿಗಳ ಕೆಲಸ ನಿಲ್ಲದಿದ್ದರೆ ಸಾಕು ಎಂದರಂತೆ. ನೇಯ್ದವರಿಗೆ ಪೈಸೆ ಹಿಂತಿರುಗಿ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ.

ನನ್ನ ಕಡೆ, ಹೆಸರು ತಿದ್ದುಪಡಿಯ ಅರ್ಜಿಯಲ್ಲಿ ವ್ಯತ್ಯಾಸಕ್ಕೆ ಕಾರಣ ಎಂಬಲ್ಲಿ ಒಂದು ಗೆರೆಯ ಜಾಗವಿತ್ತು. 2007ರ ಸಾಗಣೆಯ ವೇಳೆ ನಾನು ಬದಲಾಯಿಸಿದ್ದು ಎಂದು ಬರೆದು ಸಹಿ ಮಾಡಿದೆ. "ಇದೆಲ್ಲ ಏಕೆ, ಕ್ಲೆರಿಕಲ್ ಎರರ್ ಎಂದರೆ ಸಾಕು" ಎಂದರು ಈಗಿನ ಮ್ಯಾನೇಜರರು. ಕ್ಲಾರ್ಕು ನಾನೇ ಸಾರ್ ಎಂದೆ. ಅವರು ನಕ್ಕು ಹಾಗೆಯೇ ಕಳುಹಿಸಿದರು. ಕಾಗದ ಎರಡು ಸಲ ಮರಳಿ ಬಂತು, ಮೂರನೆಯ ಸಲಕ್ಕೆ ಮಂಜೂರಾಯಿತು. ದೊಡ್ಡ ಮೊತ್ತವೇನಲ್ಲ. ಇನ್ನುಳಿದ ಅವ್ವಂದಿರ ಪಟ್ಟಿ ಮಾಡಲು ಶುರು ಮಾಡಿದ್ದೇನೆ. ನೆನಪಿನಿಂದ ಹನ್ನೊಂದು ಹೆಸರು ಸಿಕ್ಕಿವೆ.

ಹಣ ಪಡೆಯುವ ದಿನ ಮೊಮ್ಮಗ ರಶೀದಿ ಬರೆಯುತ್ತ, ಅಜ್ಜಿಯ ಹೆಸರನ್ನು ಅವ್ವ ಎಂದು ಬರೆಯಲೋ ಬಾಯಿ ಎಂದು ಬರೆಯಲೋ ಎಂದು ಕೇಳಿದ. ಯಂತ್ರದಲ್ಲಿ ಇನ್ನೂ ಬಾಯಿ ಎಂದೇ ಇತ್ತು. ಪಾಸ್ ಪುಸ್ತಕದಲ್ಲಿ ಅವ್ವ. ನಾನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವನು ಎರಡನ್ನೂ ಬರೆದು ಹೆಬ್ಬೆಟ್ಟಿಗಾಗಿ ಮಸಿಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.